ವಿಕೇಂದ್ರಿತ-ಪಠನಯಾಚನಾ-ವಿತರಣ-ಮೀಮಾಂಸೆ

ಪೀಠಿಕೆ: ಒಂದೇ ಕಡತದ ಪ್ರತಿಗಳು ಹತ್ತಾರು ಸರ್ವರ್‌ಗಳಲ್ಲಿರುವಾಗ, ಓದಲು ಬಂದವರನ್ನು ಯಾವ ಬಾಗಿಲಿಗೆ ಅಟ್ಟಬೇಕು ಎಂಬುದೇ ಪ್ರಕೃತ ಶಾಸ್ತ್ರದ ವಿಷಯ. ಇಷ್ಟು ಸರಳವಾಗಿ ಹೇಳಿದ್ದಕ್ಕೆ ವಿದ್ವಜ್ಜನರು ಕ್ಷಮಿಸಬೇಕು, ಮುಂದೆ ಹಾಗಾಗದು.

ಲಕ್ಷಣ: ಬಹುಪ್ರತಿನಿಷ್ಠ-ಸಮಭಾರಸಾಧಕ-ಯಾಚನಾಪ್ರಕ್ಷೇಪಣವೇ ವಿತರಣೆ. ಅರ್ಥವಾಗದಿದ್ದರೆ ಲಕ್ಷಣ ನಿರ್ದುಷ್ಟವೆಂದು ತಿಳಿಯತಕ್ಕದ್ದು.

ಭೇದ: ವಿತರಣೆ ಏಳು ಬಗೆ.

1. ಸರದಿಕ್ರಮ: ಮೊದಲು ಅವನು, ಆಮೇಲೆ ಇವನು. ನಡುವೆ ಒಬ್ಬ ಸತ್ತಿದ್ದರೂ ಅವನ ಸರದಿ ತಪ್ಪದು.

2. ದ್ವಂದ್ವವರಣ: ಕಣ್ಣುಮುಚ್ಚಿ ಇಬ್ಬರನ್ನು ಆರಿಸಿ, ಕೆಲಸ ಕಡಿಮೆಯಿರುವವನಿಗೆ ಒಪ್ಪಿಸುವುದು. ಗಣಿತ ಒಪ್ಪಿದ ಚೆಂದದ ಉಪಾಯ. ಒಂದೇ ಸಾಲಿಗೆ ಮುಗಿಯುವುದರಿಂದ ಭಾಷಣಕ್ಕೆ ಒದಗುವುದಿಲ್ಲ.

3. ಸಾಮೀಪ್ಯವಾದ: 2002ರ ಕಡೆಮ್ಲಿಯಾ ಪದ್ಧತಿ ದೂರವನ್ನು ಕಿಲೋಮೀಟರಿನಲ್ಲಿ ಅಳೆಯದು, ಗುರುತುಸಂಖ್ಯೆಗಳ ಎಕ್ಸ್‌ಓಆರ್ (XOR) ಲೆಕ್ಕದಲ್ಲಿ ಅಳೆಯುತ್ತದೆ. ಹೀಗಾಗಿ ಜಯನಗರದ ಯಂತ್ರಕ್ಕೆ ಪಕ್ಕದ ಬೀದಿಯದು ಪರದೇಶವೂ ಬ್ರೆಜಿಲ್ಲಿನದು ನೆರೆಮನೆಯೂ ಆಗಬಹುದು.

4ರಿಂದ 7: ಇವೇ, ಹೆಸರು ಬೇರೆ. ಬಿಡಿ.

ಆಕ್ಷೇಪ: 2015ರಲ್ಲಿ ಬಂದ ಐಪಿಎಫ್‌ಎಸ್ ಎಂಬ ವಿಕೇಂದ್ರಿತ ಕಡತಜಾಲದಲ್ಲಿ ಕಡತ ಎಲ್ಲಿದೆ ಎಂಬುದು ವಿಳಾಸವಲ್ಲ, ಒಳಗಿರುವ ಮಾಹಿತಿಯಿಂದಲೇ ಹುಟ್ಟಿದ ಹ್ಯಾಶ್ ವಿಳಾಸ. ಯಾರ ಬಳಿಯಿದ್ದರೂ ತಂದುಕೊಂಡು, ಅಸಲಿಯೇ ಎಂದು ತಾಳೆ ನೋಡಬಹುದು. ಒಳ್ಳೆಯದೇ. ಆದರೆ ನಮ್ಮ ನಿಮ್ಮ ಬ್ರೌಸರ್‌ಗೆ ಸಾಮಾನ್ಯವಾಗಿ ಆ ಭಾಷೆ ಬಾರದು. ಆದ್ದರಿಂದ ಓದುಗರು ದುಭಾಷಿಗಳಾದ ಬೆರಳೆಣಿಕೆಯ ಗೇಟ್‌ವೇಗಳ ಮುಂದೆ ಸಾಲುಗಟ್ಟುತ್ತಾರೆ. ಕೋಟೆ ಕೆಡವಿದವರು ಹೆಬ್ಬಾಗಿಲನ್ನು ಮಾತ್ರ ಬಿಟ್ಟುಕೊಂಡರು!

ಸಿದ್ಧಾಂತ: 'ಅಳಿಸಬೇಡ' ಎಂದು ಪಿನ್ ಮಾಡದ ಪ್ರತಿಯನ್ನು, ಕಸ ಗುಡಿಸುವ ಸರದಿ ಬಂದಾಗ, ಯಂತ್ರ ಅಳಿಸಿಹಾಕುತ್ತದೆ. 'ಬೇರೆ ಯಾರಾದರೂ ಇಟ್ಟಿರುತ್ತಾರೆ' ಎಂದು ಎಲ್ಲರೂ ಅಂದುಕೊಂಡರೆ ಯಾರ ಬಳಿಯೂ ಇರುವುದಿಲ್ಲ. ಹಂಚಿಕೆಯ ಸೂತ್ರಕ್ಕೆ ರಾಶಿ ಸ್ಲೈಡ್ ತೋರಿಸಿದ ಮಹಾಶಯರೊಬ್ಬರನ್ನು, "ಸಾರ್, ಡಿಸ್ಕಿನ ದುಡ್ಡು ಯಾರು ಕಟ್ಟೋದು?" ಎಂದು ಕೇಳಿದೆ. "ಅದು ಇವತ್ತಿನ ಸ್ಕೋಪ್‌ನಲ್ಲಿಲ್ಲ" ಎಂದರು.

ಮತ್ತೇನಿದೆ ನಿಮ್ಮ ಸ್ಕೋಪ್‌ನಲ್ಲಿ? ಊರಿನ ಹಳೆಯ ಫೋಟೋಗಳನ್ನೋ, ತೀರಿಕೊಂಡ ಅಜ್ಜಿ ಹಾಡಿದ ಸೋಬಾನೆ ಪದವನ್ನೋ 'ಶಾಶ್ವತ' ಎಂಬ ನಿಮ್ಮ ಮಾತು ನಂಬಿ ಒಪ್ಪಿಸಿದವರಿಗೆ ಏನು ಹೇಳುತ್ತೀರಿ? ಹ್ಯಾಶ್‌ನ ಒಂದಕ್ಷರವೂ ಕೆಟ್ಟಿರುವುದಿಲ್ಲ. ಅದನ್ನು ಒತ್ತಿದರೆ ಚಕ್ರ ತಿರುಗಿ ತಿರುಗಿ 504 ಎಂಬ ದೋಷಸಂದೇಶ ಬರುತ್ತದೆ. ಆಗ ನಿಮ್ಮ ಏಳು ಭೇದಗಳಲ್ಲಿ ಯಾವುದನ್ನು ಹಿಡಿದರೂ ಅಷ್ಟೇ. ಇಲ್ಲದ್ದನ್ನು ಹೇಗೆ ಹಂಚುತ್ತೀರಿ?

'ಶಾಶ್ವತ' ಎನ್ನುವವರು ಯಾರ ಡಿಸ್ಕಿನಲ್ಲಿ, ಯಾರ ದುಡ್ಡಿನಲ್ಲಿ, ಎಷ್ಟು ವರ್ಷ ಎಂಬುದನ್ನು ಮೊದಲ ಸ್ಲೈಡಿನಲ್ಲೇ ಬರೆಯಲಿ. ಮೀಮಾಂಸೆ ಆಮೇಲೆ.