ಇಂಟರ್‌ಪ್ರಿಟರ್ ಬಿಡುಗಡೆ ಮೀಮಾಂಸೆ

ಪೀಠಿಕೆ: ಒಂದೇ ಸೋರ್ಸ್ ಕೋಡ್ ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರರಲ್ಲೂ ಒಂದೇ ಫಲ ಕೊಡುತ್ತದೆಂಬುದು ಆಸ್ತಿಕರ ನಂಬಿಕೆ. ರಿಲೀಸ್ ಮ್ಯಾನೇಜರುಗಳಲ್ಲಿ ಆಸ್ತಿಕರು ವಿರಳ. ಪೈಥಾನ್, ಪರ್ಲ್, ಪಿಎಚ್‌ಪಿಗಳ ಮುಖ್ಯ ಇಂಟರ್‌ಪ್ರಿಟರುಗಳೆಲ್ಲ ಸಿ ಭಾಷೆಯಲ್ಲಿವೆ. ಸಿ ಸ್ಟ್ಯಾಂಡರ್ಡ್ ಸೂತ್ರಪಾಠವಾದರೆ ಕಂಪೈಲರುಗಳು ಭಾಷ್ಯಕಾರರು. ಜಿಸಿಸಿ, ಕ್ಲ್ಯಾಂಗ್, ಎಂಎಸ್‌ವಿಸಿ ಎಂಬ ಮೂವರು ಆಚಾರ್ಯರು ಸೂತ್ರ ಸ್ಪಷ್ಟವಾಗಿರುವ ಕಡೆ ಒಂದೇ ಮಾತಾಡುತ್ತಾರೆ. ಅದು ಬಾಯಿ ಬಿಡದ ಕಡೆ ಮತಭೇದ ಹುಟ್ಟುತ್ತದೆ. ಬಿಡುಗಡೆಯ ಸಿದ್ಧತೆಯೆಂದರೆ ಈ ಮೌನಗಳ ಸಂಗ್ರಹಕಾರ್ಯ ಎಂಬುದೇ ಪ್ರಸ್ತುತ ಪ್ರಬಂಧದ ಪ್ರತಿಜ್ಞೆ.

ಪೂರ್ವಪಕ್ಷ: ‘ನಮ್ಮ ಯಂತ್ರದಲ್ಲಿ ಓಡುತ್ತದಲ್ಲ!’

ಖಂಡನೆ: ಯಾರ ಯಂತ್ರ? 64 ಬಿಟ್ ಲಿನಕ್ಸ್‌ನಲ್ಲಿ ‘ಲಾಂಗ್’ ಎಂಬುದು 64 ಬಿಟ್ ಉದ್ದ. 64 ಬಿಟ್ ವಿಂಡೋಸ್‌ನಲ್ಲಿ 32 ಮಾತ್ರ. ಎಕ್ಸ್86 ಲಿನಕ್ಸ್‌ನಲ್ಲಿ ‘ಚಾರ್’ ಋಣಸಂಖ್ಯೆಯನ್ನು ಹಿಡಿಯುತ್ತದೆ. ಆರ್ಮ್ ಲಿನಕ್ಸ್‌ನಲ್ಲಿ -1 ಇಟ್ಟು ಬಂದು ನೋಡಿದರೆ 255 ಕೂತಿರುತ್ತದೆ. ಚಿಹ್ನೆಯುಳ್ಳ ಪೂರ್ಣಾಂಕ ಮಿತಿಮೀರಿದರೆ ಗತಿಯೇನೆಂದು ಸೂತ್ರಕಾರರು ಹೇಳಿಲ್ಲ. ಹೇಳದ್ದು ನಡೆಯುವುದೇ ಇಲ್ಲವೆಂದು ಬಗೆದ ಕಂಪೈಲರ್, ಮಿತಿಮೀರಿತೇ ಎಂದು ನೋಡುವ ಸಾಲನ್ನೇ ಅಳಿಸಿಬಿಡಬಹುದು. ಜಿಸಿಸಿಯ ಈ ತರ್ಕಶುದ್ಧಿಗೆ ಬೆದರಿದ ಪರ್ಲ್, ‘ಎಫ್-ರ್ಯಾಪ್-ವಿ’ ಎಂಬ ಫ್ಲ್ಯಾಗ್ ಕಟ್ಟಿಕೊಂಡೇ ಕಂಪೈಲ್ ಆಗುತ್ತದೆ.

ನಾಮಪ್ರಕರಣ: ಪೈಥಾನ್‌ನ ಸೋರ್ಸ್‌ನಲ್ಲಿ ದೊಡ್ಡಕ್ಷರದ ‘ಪೈಥಾನ್’ ಒಂದು ಫೋಲ್ಡರ್, ಬಿಲ್ಡ್ ಆದಮೇಲೆ ಹುಟ್ಟಬೇಕಾದದ್ದು ಸಣ್ಣಕ್ಷರದ ‘ಪೈಥಾನ್’. ಮ್ಯಾಕ್‌ನ ಫೈಲ್ ಸಿಸ್ಟಂ ಸಾಮಾನ್ಯವಾಗಿ ಅಕ್ಷರದ ಗಾತ್ರವನ್ನು ಲೆಕ್ಕಿಸದ ಅದ್ವೈತಿ. ಹಾಗಾಗಿ ಅಲ್ಲಿ ಕೂಸು ಬಿಲ್ಡ್ ಮನೆಯಲ್ಲಿರುವಷ್ಟು ಕಾಲ ‘ಪೈಥಾನ್ ಡಾಟ್ ಇಎಕ್ಸ್‌ಇ’ ಎಂಬ ವಿಂಡೋಸ್ ಮುದ್ರೆ ಧರಿಸಿಕೊಂಡಿರುತ್ತದೆ.

ಬಿಂದುಪ್ರಕರಣ: ಟರ್ಕಿಶ್‌ನಲ್ಲಿ ದೊಡ್ಡ ‘ಐ’ಯನ್ನು ಚಿಕ್ಕದಾಗಿಸಿದರೆ ಚುಕ್ಕೆಯಿಲ್ಲದ ‘ಐ’ ಬರುತ್ತದೆ. ಪಿಎಚ್‌ಪಿ ಕ್ಲಾಸ್ ಹೆಸರುಗಳನ್ನು ಚಿಕ್ಕಕ್ಷರಕ್ಕಿಳಿಸಿ ಹುಡುಕುತ್ತಿತ್ತು. ಟರ್ಕಿಶ್ ಲೊಕೇಲ್ ಹಾಕಿದೊಡನೆ ಆ ಅಕ್ಷರವಿದ್ದ ಕ್ಲಾಸುಗಳು ಕಾಣೆಯಾದವು. 2002ರಲ್ಲಿ ದಾಖಲಾದ ಈ ದೂರು ಬಗೆಹರಿದು ಜನರ ಕೈಸೇರಿದ್ದು 2013ರ ಪಿಎಚ್‌ಪಿ 5.5ರಲ್ಲಿ. ಒಂದು ಚುಕ್ಕೆಗೆ ಹನ್ನೊಂದು ವರ್ಷ ಹೆಚ್ಚೆನ್ನುವವರು ಪಾಠಾಂತರದ ಜಗಳ ಕಂಡವರಲ್ಲ.

ಪಂಕ್ತಿಪ್ರಕರಣ: ಪೈಥಾನ್‌ನ ‘ಪೆಪ್ 11’ ಪ್ಲಾಟ್‌ಫಾರ್ಮುಗಳನ್ನು ಮೂರು ಪಂಕ್ತಿಗಳಲ್ಲಿ ಕೂರಿಸುತ್ತದೆ. ಮೊದಲ ಪಂಕ್ತಿಯಲ್ಲಿ ಏನಾದರೂ ಮುರಿದರೆ ಕೂಡಲೇ ಸರಿಪಡಿಸಬೇಕು ಅಥವಾ ಬದಲಾವಣೆಯನ್ನು ಹಿಂತೆಗೆಯಬೇಕು. ಎರಡನೆಯದಕ್ಕೆ 24 ಗಂಟೆ ಗಡುವು. ಅಲ್ಲಿ ಸೋತರೂ ಬಿಡುಗಡೆ ನಿಲ್ಲುತ್ತದೆ. ಮೂರನೆಯ ಪಂಕ್ತಿಗೆ ತುಪ್ಪ ಬರದಿದ್ದರೂ ಊಟ ನಿಲ್ಲದು.

ಸಿದ್ಧಾಂತ: ಆಲ್ಫಾದಲ್ಲಿ ಉತ್ಸಾಹ, ಬೀಟಾದಲ್ಲಿ ಹೊಸ ಸೌಲಭ್ಯಗಳಿಗೆ ನಿಷೇಧ, ರಿಲೀಸ್ ಕ್ಯಾಂಡಿಡೇಟ್‌ನಲ್ಲಿ ಪಶ್ಚಾತ್ತಾಪ. ಈ ಮೂರೂ ಕಳೆದರೂ ಕೈಗೆ ಸಿಗುವುದು ಮೌನಗಳ ಪಟ್ಟಿಯೇ, ಮತ್ತು ಅದರಿಂದ ಏನನ್ನೂ ಹೊಡೆದುಹಾಕಲು ಯಾರಿಗೂ ಧೈರ್ಯವಿಲ್ಲ. ಪರ್ಲ್‌ನ ಕಾನ್ಫಿಗರ್ ಸ್ಕ್ರಿಪ್ಟ್ ಯಂತ್ರವನ್ನು ತಡವಿ ನೋಡಿ, ಅದು ‘ಯೂನಿಸ್’ ಅಲ್ಲವೆಂದು ಖಚಿತವಾದರೆ ಬಳಕೆದಾರರನ್ನು ಅಭಿನಂದಿಸುತ್ತದೆ. ಯೂನಿಸ್ ಎಂದರೆ ವ್ಯಾಕ್ಸ್ ಕಾಲದಲ್ಲಿ ವಿಎಂಎಸ್ ಮೇಲೆ ಯುನಿಕ್ಸ್ ವೇಷ ಹಾಕುತ್ತಿದ್ದ ತಂತ್ರಾಂಶ. ಇಂದಿನ ಲ್ಯಾಪ್‌ಟಾಪುಗಳೂ ಈ ಅಭಿನಂದನೆಗೆ ಪಾತ್ರವಾಗುತ್ತಿವೆ. ಅದನ್ನು ತೆಗೆದರೆ ಯಾವ ಪ್ಲಾಟ್‌ಫಾರ್ಮ್ ಮುನಿಸಿಕೊಂಡೀತು ಎಂಬ ಪ್ರಶ್ನೆಯನ್ನು ಮುಂದಿನ ಸಂಶೋಧಕರಿಗೆ ಬಿಡಲಾಗಿದೆ.