ಸೋರುವ ಟ್ರಕ್ಕಿಗೊಂದು ಮಣೆ

ಪ್ಲೇನೋ, ಫ್ರಿಸ್ಕೋ, ಮೆಕಿನ್ನಿ ಎಂದು ಡಾಲಸ್‌ನ ಉತ್ತರಕ್ಕೆ ಬೆಳೆಯುತ್ತಲೇ ಇರುವ ಊರುಗಳಲ್ಲಿ ಕನ್ನಡದವರಿಗೆ ಬರವಿಲ್ಲ. ಬರವಿರುವುದು ಪಿಕಪ್ ಟ್ರಕ್ ಇಟ್ಟುಕೊಂಡ ಕನ್ನಡದವರಿಗೆ. ಟೆಕ್ಸಾಸಿನವರು ಹಾಲು ತರುವುದಕ್ಕೂ ಟ್ರಕ್ಕಿನಲ್ಲೇ ಹೋಗುತ್ತಾರೆ. ನಮ್ಮವರು ಮಾತ್ರ ಬಂದ ಹೊಸದರಲ್ಲಿ ಸೆಕೆಂಡ್‌ಹ್ಯಾಂಡ್ ಕಾರು, ಮಕ್ಕಳಾದ ಮೇಲೆ ಮಿನಿವ್ಯಾನು, ಗ್ರೀನ್ ಕಾರ್ಡ್ ಬಂದ ಮೇಲೆ ಎಲೆಕ್ಟ್ರಿಕ್ ಕಾರು ಎಂಬ ಮೂರೇ ಆಶ್ರಮಗಳಲ್ಲಿ ಜೀವನ ಸಾಗಿಸುತ್ತಾರೆ. ಅಂಥದ್ದರಲ್ಲಿ ನಮ್ಮ ಮನೆಯವರು ಇಪ್ಪತ್ತು ವರ್ಷ ಹಳೆಯ, ಎಂಟು ಸಿಲಿಂಡರಿನ ಟ್ರಕ್ಕೊಂದನ್ನು ತಂದು ಮನೆಮುಂದೆ ನಿಲ್ಲಿಸಿದ್ದೇ ತಡ, ಕನ್ನಡ ಸಂಘದಲ್ಲಿ ನಮ್ಮ ವರ್ಚಸ್ಸೇ ಬದಲಾಯಿತು. ಗಣೇಶನ ಹಬ್ಬದ ಮಂಟಪ, ರಾಜ್ಯೋತ್ಸವದ ಮಡಚುವ ಮೇಜು, ಯುಗಾದಿಯ ಬಿಸಿಬೇಳೆಬಾತಿನ ಟ್ರೇ, ಮನೆ ಬದಲಾಯಿಸುವವರ ಸೋಫಾ, ಹಾಸಿಗೆ ಎಲ್ಲವೂ ನಮ್ಮ ತಲೆಗೆ. ಸಂಘದ ದೊಡ್ಡವರು ತಾವಾಗಿಯೇ ಬಂದು "ಏನ್ ಸಾರ್, ಚೆನ್ನಾಗಿದೀರಾ?" ಎಂದು ಮಾತಾಡಿಸುವುದು, ಮೂರನೆಯ ಮಾತಿಗೆ "ಶನಿವಾರ ಫ್ರೀನಾ?" ಎಂಬಲ್ಲಿಗೆ ಬಂದು ಮುಟ್ಟುವುದು ರೂಢಿಯಾಯಿತು. ಇವರ ಲೆಕ್ಕದಲ್ಲಿ ಅದು ಗೌರವ. ನನ್ನ ಲೆಕ್ಕದಲ್ಲಿ ಬಾಡಿಗೆಯಿಲ್ಲದ ಲಗೇಜ್ ಆಟೋ.

ಆ ಟ್ರಕ್ ಸೋರತೊಡಗಿತು.

ಮೊದಲು ಡ್ರೈವ್‌ವೇ ಮೇಲೆ ರೂಪಾಯಿ ನಾಣ್ಯದಗಲ ಒಂದು ಚುಕ್ಕೆ. "ಎಸಿ ನೀರಿರಬೇಕು ಬಿಡು" ಎಂದರು ಇವರು. ಎಸಿ ನೀರು ಕಪ್ಪಗಿರುತ್ತದೆಯೇ ಎಂದದ್ದಕ್ಕೆ ಉತ್ತರವಿಲ್ಲ. ಚುಕ್ಕೆ ಊಟದ ತಟ್ಟೆಯಗಲ ಆಗುವ ಹೊತ್ತಿಗೆ ಬಡಾವಣೆಯ ಮನೆಮಾಲೀಕರ ಸಂಘದಿಂದ ಕಾಗದ ಬಂತು, ಜೊತೆಗೆ ಕಲೆಯ ಬಣ್ಣದ ಫೋಟೋ. ನಮ್ಮ ಮದುವೆಯ ಫೋಟೋಗ್ರಾಫರ್ ಕೂಡ ನಮ್ಮಿಬ್ಬರನ್ನು ಅಷ್ಟು ಹತ್ತಿರದಿಂದ, ಅಷ್ಟು ಶ್ರದ್ಧೆಯಿಂದ ತೆಗೆದಿರಲಿಲ್ಲ. ಮಳೆ ಬಂದರೆ ಈ ಎಣ್ಣೆ ರಸ್ತೆಬದಿಯ ಚರಂಡಿಗೆ ಇಳಿಯುತ್ತದೆ, ಆ ನೀರು ಯಾವ ಶುದ್ಧೀಕರಣವೂ ಇಲ್ಲದೆ ಹಳ್ಳ ಸೇರುತ್ತದೆ ಎಂದು ಬರೆದಿದ್ದರು. ಮಾತು ನಿಜವೇ. ಕಾಗದದ ಧಾಟಿ ಮಾತ್ರ ಹಳ್ಳವನ್ನು ನಾವೇ ತೋಡಿ ಎಣ್ಣೆ ತುಂಬಿದಂತಿತ್ತು.

ಇವರು ಅಂಗಡಿಗೆ ಓಡಿ, ಬೆಕ್ಕಿನ ಕಕ್ಕಸಿಗೆ ಹಾಕುವ ಜೇಡಿಮಣ್ಣಿನ ಹರಳಿನ ಚೀಲ ಹೊತ್ತು ತಂದರು. ಅದನ್ನು ಕಲೆಯ ಮೇಲೆ ಸುರಿದು, ಚಪ್ಪಲಿಯಲ್ಲಿ ಅರೆದು, ರಾತ್ರಿಯಿಡೀ ಬಿಟ್ಟು ಬೆಳಗ್ಗೆ ಗುಡಿಸಿದರೆ ಎಣ್ಣೆ ಮುಕ್ಕಾಲು ಪಾಲು ಹೀರಿಹೋಗುತ್ತದೆ. ಆಗಷ್ಟೇ ತಿಪಟೂರಿನಿಂದ ಬಂದಿಳಿದಿದ್ದ ನಮ್ಮತ್ತೆ ಇದನ್ನೆಲ್ಲ ಬಾಗಿಲಲ್ಲಿ ನಿಂತು ನೋಡಿದರು. "ಮನೇಲಿ ಬೆಕ್ಕಿಲ್ಲ. ಬೆಕ್ಕು ಹೇಲೋ ಮಣ್ಣಿಗೆ ಹತ್ತು ಡಾಲರ್ ಕೊಟ್ಟು ಬಂದಿದಾನೆ ನನ್ನ ಮಗ" ಎಂದು ಆ ರಾತ್ರಿಯೇ ತಿಪಟೂರಿಗೆ ಸುದ್ದಿ ಮುಟ್ಟಿಸಿದರು.

ಮನೆಮುಂದಿನ ಕಲೆಗೆ ಮಣ್ಣಾಯಿತು. ಪರರ ಮನೆಮುಂದೆ? ಕನ್ನಡದವರ ಸೌಜನ್ಯ ಬಲ್ಲಿರಲ್ಲ, ಟ್ರಕ್ ತರಬೇಡಿ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ನಮ್ಮ ಗಾಡಿ ಬೀದಿ ತಿರುವಿನಲ್ಲಿ ಕಂಡರೆ ಸಾಕು, ಮನೆಯ ಯಜಮಾನರು ಟಿವಿ ಬಂದಿದ್ದ ರಟ್ಟಿನ ಪೆಟ್ಟಿಗೆ ಬಿಚ್ಚಿ ಹಿಡಿದು ಓಡಿಬರುತ್ತಿದ್ದರು. "ಸ್ವಲ್ಪ ಮುಂದೆ, ಇನ್ನೂ ಮುಂದೆ, ಹಾಂ, ಸಾಕು!" ರಟ್ಟು ಸರಿಯಾಗಿ ಎಂಜಿನ್ನಿನ ಕೆಳಗೆ ಕೂತ ಮೇಲಷ್ಟೇ "ಬನ್ನಿ ಬನ್ನಿ, ಒಳಗೆ ಬನ್ನಿ." ಮೊದಲು ಟ್ರಕ್ಕಿಗೆ ಮಣೆ, ಆಮೇಲೆ ನಮಗೆ. ಒಂದು ಸತ್ಯನಾರಾಯಣ ಪೂಜೆಯಲ್ಲಿ ಹೊರಡುವಾಗ ನನಗೆ ಅರಿಶಿನ ಕುಂಕುಮ, ರವಿಕೆ ಕಣ ಕೊಟ್ಟು, ಹಿಂದೆಯೇ ಎಣ್ಣೆ ಕುಡಿದ ಆ ರಟ್ಟನ್ನೂ ಮಡಚಿ ಕೈಗಿಟ್ಟರು.

ಗ್ಯಾರೇಜುಗಳಿಗೆ ತೋರಿಸದೆ ಇರಲಿಲ್ಲ. ಒಬ್ಬರು ಎಣ್ಣೆ ಇಳಿಸುವ ಬೋಲ್ಟಿನ ವಾಷರ್ ಬದಲಾಯಿಸಿದರು. ಇನ್ನೊಬ್ಬರು ಫಿಲ್ಟರ್ ಬಿಗಿ ಮಾಡಿದರು. ಎರಡೂ ಸಲ ಒಂದಷ್ಟು ದಿನ ಒಣಗಿದಂತೆ ಮಾಡಿ ಮತ್ತೆ ತೊಟ್ಟಿಕ್ಕಿತು. ಮಗದೊಬ್ಬರು ಟ್ರಕ್ಕನ್ನು ಲಿಫ್ಟಿಗೇರಿಸಿ, ಎಂಜಿನ್ನೂ ಗೇರ್‌ಬಾಕ್ಸೂ ಕೂಡುವ ಜಾಗದಿಂದ ಎಣ್ಣೆ ಇಳಿಯುವುದನ್ನು ತೋರಿಸಿ, ಮುಖ ಸಪ್ಪೆ ಮಾಡಿಕೊಂಡು ಹೇಳಿದರು: ರಿಯರ್ ಮೇನ್ ಸೀಲ್. ಕ್ರ್ಯಾಂಕ್‌ಶಾಫ್ಟಿನ ಹಿಂತುದಿಯಲ್ಲಿರುವ ರಬ್ಬರ್ ಬಳೆ ಅದು. ಬಳೆಯ ಬೆಲೆ ಮೂವತ್ತು, ನಲವತ್ತು ಡಾಲರ್ ಇದ್ದೀತು. ಆದರೆ ಅದನ್ನು ತೊಡಿಸಬೇಕಾದರೆ ಇಡೀ ಗೇರ್‌ಬಾಕ್ಸ್ ಕೆಳಗಿಳಿಸಬೇಕು, ಅದರ ಕೂಲಿ ಸಾವಿರ ಡಾಲರಿನ ಮೇಲೆ.

ಮಾವ ಅದನ್ನು ರೂಪಾಯಿಗೆ ಬದಲಿಸಿ ನೋಡಿ ಕಾಫಿ ಲೋಟ ಕೆಳಗಿಟ್ಟರು.

ಮಾವನ ಬಗ್ಗೆ ಹೇಳಬೇಕು. ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ. ತೋಟಗಳಿಂದ ಮಾರುಕಟ್ಟೆಗೆ ಮೂಟೆ ಹೊರಲು ಒಂದು ಮಿನಿ ಲಾರಿ ಇಟ್ಟಿದ್ದರು. ಅದು ಕೆಟ್ಟಾಗಲೆಲ್ಲ ಬಿ.ಎಚ್. ರಸ್ತೆಯ ಗ್ಯಾರೇಜಿನಲ್ಲಿ ಮೇಸ್ತ್ರಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಕಲಿತ ವಿದ್ಯೆ ಅವರದು. ಮದುವೆಯ ಕರೆಯೋಲೆ ದಪ್ಪಗಿದ್ದರೆ ಎಸೆಯುತ್ತಿರಲಿಲ್ಲವಂತೆ, ಪ್ಯಾಕಿಂಗ್ ಕತ್ತರಿಸಲು ಆಗುತ್ತದೆ ಎಂದು ಎತ್ತಿಡುತ್ತಿದ್ದರಂತೆ. ಅಂಥವರಿಗೆ ಇಲ್ಲಿ ಸಿಕ್ಕಿದ್ದೇನು? ಆರು ತಿಂಗಳ ವೀಸಾ, ಒಂದು ಸೋಫಾ, ಮತ್ತು ಬೆಳಗ್ಗೆ ಎಂಟಕ್ಕೆಲ್ಲ ಖಾಲಿಯಾಗುವ ಮನೆ. ಸೋರುವ ಟ್ರಕ್ ಕಂಡು ಅವರ ಮುಖಕ್ಕೆ ಕಳೆ ಬಂದಿತ್ತು.

"ಲೋ, ಎಣ್ಣೆ ಎಲ್ಲಿ ತೊಟ್ಟಿಕ್ಕುತ್ತೋ ಅಲ್ಲಿ ನೋಡಬಾರದು ಕಣೋ" ಎಂದರು ಮಗನಿಗೆ. "ಎಣ್ಣೆ ಕೆಳಗಿಳಿಯುತ್ತೆ, ಗಾಡಿ ಓಡೋವಾಗ ಗಾಳಿಗೆ ಹಿಂದಕ್ಕೂ ಹೋಗುತ್ತೆ. ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ಮುಂದೆ ಎಲ್ಲಿ ಒದ್ದೆ ಇದೆಯೋ ಅದು ನೋಡು. ನಿಮ್ಮ ಗ್ಯಾರೇಜಿನೋರು ಕೆಳಗಿಂದ ನೋಡಿದಾರೆ. ನಾನು ಹೇಳ್ತೀನಿ ಕೇಳು, ಅದು ಟ್ಯಾಪೆಟ್ ಕವರಿನ ಪ್ಯಾಕಿಂಗು."

ಮೇಲೆ ನೋಡಿದರೆ ಎಲ್ಲವೂ ಒದ್ದೆಯೇ. ಎಂಜಿನ್ ತೊಳೆದು ಒಣಗಿಸಿ ಬಿಳಿ ಪುಡಿ ಉದುರಿಸಿದರೆ ಎಣ್ಣೆಯ ಜಾಡು ಕಾಣುತ್ತದೆ ಎಂದು ಇವರು ಎಲ್ಲೋ ಓದಿದ್ದರು. ಅತ್ತೆ ಕೂಡಲೇ ರಂಗೋಲಿ ಡಬ್ಬಿ ತಂದರು. ಕಲ್ಲುಪುಡಿ ಎಂಜಿನ್ನಿನೊಳಗೆ ಹೋದರೆ ಅಲ್ಲಿಗೆ ಮುಗಿಯಿತು ಎಂದು ತಂದೆ ಮಗ ಇಬ್ಬರೂ ಒಟ್ಟಿಗೆ ಕೂಗಿಕೊಂಡರು. ಅವರಿಬ್ಬರೂ ಒಂದೇ ಮಾತು ಆಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಕೊನೆಗೆ ಪುಡಿಯ ಬದಲು ಬಣ್ಣ ಎಂದಾಯಿತು. ಎಣ್ಣೆಗೆ ಬೆರೆಸುವ ಪುಟ್ಟ ಸೀಸೆಯ ಬಣ್ಣ ಸಿಗುತ್ತದೆ. ಅದನ್ನು ಹಾಕಿ ಗಾಡಿ ಓಡಿಸಿ, ಕತ್ತಲಲ್ಲಿ ಅಲ್ಟ್ರಾವಯೊಲೆಟ್ ಟಾರ್ಚ್ ಬಿಟ್ಟು, ಜೊತೆಗೆ ಕೊಡುವ ಹಳದಿ ಕನ್ನಡಕ ಹಾಕಿ ನೋಡಿದರೆ ಸೋರಿದ ದಾರಿ ಹಸಿರು ಹಳದಿಯಾಗಿ ಹೊಳೆಯುತ್ತದೆ.

ಕನ್ನಡಕ ಒಂದೇ. ನೋಡುವವರು ಆರು ಜನ. ಮಾವ ಪಂಚೆ ಎತ್ತಿ ಕಟ್ಟಿ, ಪೂಜೆಮನೆಯ ಆ ರಟ್ಟಿನ ಮೇಲೆ ಅಂಗಾತ ಮಲಗಿ ಟ್ರಕ್ಕಿನಡಿ ಸರಿದರು. ಹಿಂದೆ ಮಗ, ಅವನ ಹಿಂದೆ ನಮ್ಮ ಎರಡು ಮಕ್ಕಳು. ಹೊರಗೆ ಕಾಣುತ್ತಿದ್ದುದು ಎಂಟು ಕಾಲು. ನಾಯಿ ತಿರುಗಾಡಿಸುತ್ತಿದ್ದ ಪಕ್ಕದ ಮನೆಯಾತ ಗಾಬರಿಯಾಗಿ, ಆಂಬುಲೆನ್ಸ್ ಕರೆಯಲೇ ಎಂದು ನನ್ನನ್ನು ಕೇಳಿದ. ಅಷ್ಟರಲ್ಲಿ ಕೆಳಗಿನಿಂದ ಮಾವನ ದನಿ: "ಸಿಕ್ತು!" ಎಂಜಿನ್ನಿನ ಹಿಂಬದಿಯಲ್ಲಿ, ಟ್ಯಾಪೆಟ್ ಕವರಿನ ಮೂಲೆಯಿಂದ ಒಂದು ಎಳೆ ಹೊಳೆಯುತ್ತ ಇಳಿದು, ಗೇರ್‌ಬಾಕ್ಸ್ ಕೂಡುವ ಕಡೆಗೆ ಹೋಗಿ, ಆ ಸಾವಿರ ಡಾಲರಿನ ಜಾಗದಿಂದಲೇ ತೊಟ್ಟಿಕ್ಕುತ್ತಿತ್ತು. ಸೀಲು ನಿರಪರಾಧಿ.

ಅಲ್ಲಿಗೆ ಟಾರ್ಚ್ ಆರಿಸಿದ್ದರೆ ಚೆನ್ನಾಗಿತ್ತು. ಮಗಳು ಅದನ್ನು ಒಳಗೆ ತಂದಳು.

ಫ್ರಿಜ್ಜಿನ ಹಿಡಿ ಹೊಳೆಯಿತು. ಬಾಗಿಲ ಚಿಲಕ, ಲೈಟಿನ ಸ್ವಿಚ್ಚು, ಟಿವಿ ರಿಮೋಟು ಹೊಳೆದವು. ಬಣ್ಣ ಹತ್ತಿದ ಕೈಯಲ್ಲಿ ಇವರು ಸಂಜೆಯೆಲ್ಲ ಎಲ್ಲೆಲ್ಲಿ ಓಡಾಡಿದರೋ ಅಲ್ಲೆಲ್ಲ ಸಾಕ್ಷಿ ಬಿದ್ದಿತ್ತು. ಇವರ ಹಣೆ ಹೊಳೆಯಿತು. ಚಕ್ಕುಲಿ ಡಬ್ಬಿಯ ಮುಚ್ಚಳವೂ ಹೊಳೆಯಿತು, ಡಾಕ್ಟರು ಎಣ್ಣೆತಿಂಡಿ ಬೇಡವೆಂದ ಮೇಲೆ ಅದನ್ನು ಇವರು ಮುಟ್ಟುವಂತಿರಲಿಲ್ಲ. ಅತ್ತೆ ಟಾರ್ಚ್ ಕಸಿದುಕೊಂಡು ಅಡುಗೆಮನೆಗೆ ನಡೆದರು. ಅಲ್ಲಿ ಒಲೆಯ ಸುತ್ತ, ಗೋಡೆಯ ಮೇಲೆ, ಬಾಣಲೆಯ ಅಂಚಿನಲ್ಲಿ ಹಸಿರು ಚುಕ್ಕೆಗಳು ಮಿನುಗಿದವು. "ಇಲ್ಲೂ ಎಂಜಿನ್ ಆಯಿಲ್ ಹಚ್ಚಿದಾನೆ ಕಣಮ್ಮ, ನಾವು ತಿಂದಿದ್ದು ಇದನ್ನೇ" ಎಂದು ಅತ್ತೆ ಕುಸಿದು ಕೂತರು. ಮಗಳು ಫೋನಿನಲ್ಲಿ ಹುಡುಕಿ ಹೇಳಿದಳು: ಅರಿಶಿನವೂ ಈ ಬೆಳಕಿಗೆ ಹೊಳೆಯುತ್ತದೆ ಅಜ್ಜಿ, ಎಣ್ಣೆಯಲ್ಲಿ ಬೆರೆತರೆ ಇನ್ನೂ ಚೆನ್ನಾಗಿ. ಮಧ್ಯಾಹ್ನದ ಚಿತ್ರಾನ್ನದ ಒಗ್ಗರಣೆ ಅದು. ಇವರಿಗೆ ಹೋದ ಜೀವ ಬಂತು. ಆ ಕ್ಷಣದಿಂದ ಫ್ರಿಜ್ಜಿನ ಹಿಡಿಯೂ ಅರಿಶಿನ, ಸ್ವಿಚ್ಚೂ ಅರಿಶಿನ, ಚಕ್ಕುಲಿ ಡಬ್ಬಿಯಂತೂ ಖಂಡಿತ ಅರಿಶಿನ. ಅತ್ತೆ ಕೊರಳ ಅರಿಶಿನದ ದಾರಕ್ಕೆ ಟಾರ್ಚ್ ಬಿಟ್ಟು ನೋಡಿಕೊಂಡರು. ಹಣೆಗೆ ಅರಿಶಿನ ಯಾಕೆ ಹಚ್ಚಿಕೊಂಡಿರಿ ಎಂದು ನಾನು ಕೇಳಿದ್ದಕ್ಕೆ ಇವತ್ತಿಗೂ ಜವಾಬಿಲ್ಲ.

ಪ್ಯಾಕಿಂಗ್ ಬದಲಾಯಿಸುವ ಕೆಲಸ ಒಂದು ಶನಿವಾರ, ಭಾನುವಾರ ನುಂಗಿತು. ಟೆಕ್ಸಾಸಿನ ಬೇಸಿಗೆಯೂ ಎಂಜಿನ್ನಿನ ಕಾವೂ ಸೇರಿ ಹಳೆಯ ರಬ್ಬರು ಗಟ್ಟಿಯಾಗಿ, ಕೀಳಲು ಹೋದರೆ ಮುರಿದು ಬರುತ್ತಿತ್ತು. ಮಾವನಿಗೆ ಅಷ್ಟಕ್ಕೇ ಸಮಾಧಾನವಿಲ್ಲ. ಪ್ಯಾಕಿಂಗ್ ಹೋಗಿದ್ದು ಸರಿ, ಎಣ್ಣೆ ಇಷ್ಟು ಜೋರಾಗಿ ಯಾಕೆ ಬಂತು? ಪಿಸ್ಟನ್ ಸಂದಿನಿಂದ ಕೆಳಗೆ ನುಸುಳುವ ಅನಿಲಕ್ಕೆ ಹೊರಹೋಗುವ ದಾರಿ ಬೇಕು. ಆ ದಾರಿಯಲ್ಲಿ ಹೆಬ್ಬೆರಳಿನಷ್ಟು ಒಂದು ವಾಲ್ವ್ ಇರುತ್ತದೆ, ಅದಕ್ಕೆ ಪಿಸಿವಿ ಎನ್ನುತ್ತಾರೆ. ಅದು ಮಸಿ ಕಟ್ಟಿ ಮುಚ್ಚಿದರೆ ಒಳಗೆ ಒತ್ತಡ ಹೆಚ್ಚಿ, ಎಲ್ಲಿ ಸಂದು ಸಿಗುತ್ತದೋ ಅಲ್ಲಿಂದ ಎಣ್ಣೆಯನ್ನು ತಳ್ಳುತ್ತದೆ. ಇವರು ವಾಲ್ವ್ ಕಿತ್ತು ಕೊಟ್ಟು, "ಅಲ್ಲಾಡಿಸಿದರೆ ಸದ್ದು ಬರಬೇಕಂತೆ ಅಪ್ಪ" ಎಂದರು.

ಮಾವ ಅದನ್ನು ಕಿವಿಯ ಹತ್ತಿರ ಹಿಡಿದು ಕಣ್ಣುಮುಚ್ಚಿ ಅಲ್ಲಾಡಿಸಿದರು. ಅಟ್ಟದ ಮೇಲೆ ವರ್ಷ ಒಣಗಿದ ತೆಂಗಿನಕಾಯಿಯನ್ನು ಕೊಬ್ಬರಿ ವ್ಯಾಪಾರಿ ಅಲ್ಲಾಡಿಸುವುದೂ ಹೀಗೆಯೇ. ಒಳಗೆ ನೀರಿಂಗಿ, ಉಂಡೆ ಕೊಬ್ಬರಿ ಚಿಪ್ಪು ಬಿಟ್ಟು ಗುಡುಗುಡು ಎಂದರೆ ಹಣ್ಣಾಗಿದೆ, ಸದ್ದಿಲ್ಲದಿದ್ದರೆ ಇನ್ನೂ ಹಸಿ. ಬದುಕಿಡೀ ಮಾಡಿದ ಆ ಕೆಲಸವನ್ನು ಮಾವ ಪ್ಲೇನೋದ ಗ್ಯಾರೇಜಿನಲ್ಲಿ ನಿಂತು ಇನ್ನೊಮ್ಮೆ ಮಾಡಿ, ವಾಲ್ವನ್ನು ಪಕ್ಕಕ್ಕೆಸೆದರು. "ಹಸಿ."

ಹೊಸ ವಾಲ್ವ್ ತಂದಾಗ ಅಂಗಡಿಯಿಂದ ಬಂದದ್ದನ್ನೂ ಬಿಡದೆ ಅಲ್ಲಾಡಿಸಿ ಪಾಸು ಮಾಡಿದರು.

ಸೋರುವುದು ನಿಂತಿತು. ಅಷ್ಟರಲ್ಲಿ ಗಾಡಿಯ ವಾರ್ಷಿಕ ನೋಂದಣಿಯೂ ಬಂತು. ಟೆಕ್ಸಾಸಿನಲ್ಲಿ 2025ರ ಜನವರಿ 1ರಿಂದ ಖಾಸಗಿ ವಾಹನಗಳ ಸುರಕ್ಷತಾ ತಪಾಸಣೆಯನ್ನೇ ತೆಗೆದಿದ್ದಾರೆ, ಅದರ ಬದಲಿಗೆ 7.50 ಡಾಲರ್ ಶುಲ್ಕವನ್ನು ಮಾತ್ರ ಉಳಿಸಿಕೊಂಡಿದ್ದಾರೆ. ನಮ್ಮ ಕಾಲಿನ್ ಕೌಂಟಿಯಂಥ ಕಡೆ ಹೊಗೆ ತಪಾಸಣೆ ಈಗಲೂ ಉಂಟು. ಅದಕ್ಕೆ ಗಾಡಿಯ ಕಂಪ್ಯೂಟರಿಗೆ ವೈರು ಚುಚ್ಚಿ ಓದುತ್ತಾರೆ, ಬಗ್ಗಿ ಕೆಳಗೆ ನೋಡುವವರಿಲ್ಲ. ಸೋರುತ್ತಿದ್ದ ವರ್ಷವೂ ನಮ್ಮ ಟ್ರಕ್ ಪಾಸೇ ಆಗಿತ್ತು. ಫೇಲು ಮಾಡಿದ್ದು ಸತ್ಯನಾರಾಯಣ ಪೂಜೆಯವರು ಮಾತ್ರ.

ಬಡಾವಣೆಯ ಸಂಘದಿಂದ ಇನ್ನೊಂದು ಕಾಗದ ಬಂತು. ಎಣ್ಣೆ ಕಲೆ ತೆಗೆದದ್ದಕ್ಕೆ ಧನ್ಯವಾದ, ಆದರೆ ಡ್ರೈವ್‌ವೇ ಮೇಲೆ ರಟ್ಟು ಹಾಸುವುದು ನಿಯಮಬಾಹಿರ, ಮುಂಬಾಗಿಲಲ್ಲಿ ಬಿಳಿ ಪುಡಿ ಚೆಲ್ಲಿರುವುದನ್ನೂ ತೊಳೆಯತಕ್ಕದ್ದು. ರಟ್ಟು ತೆಗೆದೆವು. ಬಿಳಿ ಪುಡಿಯ ವಿಷಯ ಅತ್ತೆಗೆ ತಿಳಿಸುವ ಧೈರ್ಯ ಯಾರಿಗೂ ಇರಲಿಲ್ಲ. ಅವರು ಊರಿಗೆ ಹೊರಡುವ ಬೆಳಗ್ಗೆಯೂ ಹನ್ನೊಂದು ಚುಕ್ಕಿಯ ರಂಗೋಲಿ ಹಾಕಿಯೇ ವಿಮಾನ ಹತ್ತಿದರು.

ಅವರು ಹೋದ ಮೇಲೆ ಟ್ರಕ್ ಮತ್ತೆ ಸೋರಿತು. ಈ ಸಲ ಎಣ್ಣೆಯ ಒತ್ತಡ ಅಳೆಯುವ ಸ್ವಿಚ್ಚಿನ ಬುಡದಿಂದ. ತಿಪಟೂರಿಗೆ ಸುದ್ದಿ ಹೋಗದಿರುತ್ತದೆಯೇ? ಈಗ ದಿನವೂ ಸಂಜೆ, ಅಲ್ಲಿಗೆ ಬೆಳಗಾಗುತ್ತಿದ್ದಂತೆ, ವಿಡಿಯೊ ಕಾಲ್. ಊಟ ಆಯ್ತಾ, ಮಕ್ಕಳು ಹೇಗಿದಾರೆ ಎಂಬುದೆಲ್ಲ ಅತ್ತೆಯ ಪಾಲು. ಮಾವನದು ಒಂದೇ ಮಾತು: "ಕಡ್ಡಿ ತೋರಿಸು." ಇವರು ಫೋನ್ ಹಿಡಿದು ಹೊರಗೆ ಹೋಗಿ, ಬಾನೆಟ್ ಎತ್ತಿ, ಎಣ್ಣೆಯ ಕಡ್ಡಿ ಎಳೆದು ಕ್ಯಾಮೆರಾಕ್ಕೆ ಹಿಡಿಯಬೇಕು.

ಮೊನ್ನೆ ಮಗಳ ಹುಟ್ಟುಹಬ್ಬ. ಕೇಕ್ ಮೇಲೆ ಮೇಣದಬತ್ತಿ ಹಚ್ಚಿ, ತಾತ ಅಜ್ಜಿಗೆ ಕಾಲ್ ಮಾಡಿ, ಹಾಡಲು ಎಲ್ಲರೂ ಬಾಯಿ ತೆರೆದು ನಿಂತಿದ್ದೆವು.

"ಇರಿ ಇರಿ, ಕಡ್ಡಿ ನೋಡಿಬಿಡೋಣ" ಎಂದರು ಮಾವ. ಇವರು ಇನ್ನೊಂದು ಫೋನ್ ಹಿಡಿದು ಹೊರಗೋಡಿದರು. "ಎಂಜಿನ್ ಆಫ್ ಮಾಡಿ ಎಷ್ಟೊತ್ತಾಯ್ತು? ಈಗ್ಲಾ? ಎಣ್ಣೆ ಕೆಳಗಿಳೀಬೇಕಲ್ಲೋ. ಐದು ನಿಮಿಷ ತಾಳು. ಒರೆಸಿ ಇನ್ನೊಂದ್ಸಲ ಹಾಕು."

ಅಷ್ಟರಲ್ಲಿ ಮೇಣ ಕರಗಿ ಕೇಕಿನ ಮೇಲೆ ಇಳಿಯತೊಡಗಿತು.

"ತಾತ, ಇಲ್ಲೂ ಲೀಕ್ ಆಗ್ತಿದೆ" ಎಂದಳು ಮಗಳು.

"ಎಲ್ಲಿಂದ?" ಎಂದರು ಮಾವ.