‘ನಾನು ಆದಾಯ ತೆರಿಗೆ ಅಲ್ಲ, ಸ್ವಾಮಿ!’

ತಿಂಗಳ ಏಳನೇ ತಾರೀಖು. ಟಿ. ದಾಸರಹಳ್ಳಿ ಮೆಟ್ರೊ ನಿಲ್ದಾಣದ ಹತ್ತಿರ, ತುಮಕೂರು ರಸ್ತೆಯ ಲಾರಿ ಹೊಗೆ ನೇರ ಸಾಂಬಾರಿಗೇ ಬಂದು ಬೀಳುವಂಥ ಒಂದು ದರ್ಶಿನಿ. ಮೊದಲ ಶಿಫ್ಟ್ ಬಿಟ್ಟಿದೆ. ಪೀಣ್ಯದ ಕಡೆಯಿಂದ ಬಂದವರೆಲ್ಲ ಒಂದು ಕೈಯಲ್ಲಿ ಟೀ, ಇನ್ನೊಂದರಲ್ಲಿ ಮೊಬೈಲ್ ಹಿಡಿದು ‘ಸಂಬಳ ಬಿತ್ತಾ?’ ಎಂದು ಒಬ್ಬರನ್ನೊಬ್ಬರು ಕೇಳುತ್ತಿದ್ದಾರೆ. ನಾನು ನಿಂತಿದ್ದ ಟೇಬಲ್ಲಿನ ಆಚೆ ಬದಿಗೆ ಸಿಎನ್‌ಸಿ ಆಪರೇಟರ್ ಹುಡುಗನೊಬ್ಬ. ಅವನ ಅಂಗಿ ಜೇಬಿನಿಂದ ಇನ್‌ಕ್ರಿಮೆಂಟ್ ಲೆಟರ್ ನಾಲ್ಕು ಮಡಿಕೆಯಾಗಿ ಇಣುಕುತ್ತಿತ್ತು. ನನ್ನ ಅತಿಥಿ ಸಂಬಳ ಚೀಟಿಯ ಬಲಗಡೆಯ ಕಟಿಂಗ್ ಕಾಲಮ್ಮಿನಿಂದ ಇಳಿದು, ಸಕ್ಕರೆ ಡಬ್ಬಿಗೆ ಒರಗಿ ನಿಂತಿದ್ದರು. ಸಣಕಲು ಮೈ, ನಿವೃತ್ತಿ ಇಲ್ಲದ ಗುಮಾಸ್ತನ ಮುಖ. ಪೂರ್ತಿ ಹೆಸರು ವೃತ್ತಿ ತೆರಿಗೆ. ಫ್ಯಾಕ್ಟರಿಯವರು ಕರೆಯುವುದು ಪಿ.ಟಿ.

ನಾನು: ನಮಸ್ಕಾರ. ಪಿ.ಟಿ. ಅಂದರೆ ನನಗೆ ಈಗಲೂ ನೆನಪಾಗೋದು ಸ್ಕೂಲಿನ ಪಿ.ಟಿ. ಮೇಷ್ಟ್ರು.

ಪಿ.ಟಿ.: ನೆನಪಾಗಲಿ, ತಪ್ಪೇನಿಲ್ಲ. ಅವರದೂ ನನ್ನದೂ ಒಂದೇ ಕೆಲಸ. ಕುಳ್ಳ, ಉದ್ದ ಅನ್ನದೆ ಎಲ್ಲರನ್ನೂ ಒಂದೇ ಸಾಲಲ್ಲಿ ನಿಲ್ಲಿಸೋದು. ತಿಂಗಳಿಗೆ 25,000 ತಗೊಳ್ಳೋ ಟರ್ನರಿಗೂ 200, ವೈಟ್‌ಫೀಲ್ಡಿನಲ್ಲಿ ಎರಡೂವರೆ ಲಕ್ಷ ಎಣಿಸೋ ಸಾಹೇಬರಿಗೂ 200. ನನ್ನ ಹತ್ತಿರ ಭೇದಭಾವ ಇಲ್ಲ.

ನಾನು: ಟರ್ನರಿಗೆ ಅದು ಸಂಬಳದ ಶೇ. 0.8. ಸಾಹೇಬರಿಗೆ ಶೇ. 0.08.

ಪಿ.ಟಿ.: ಶೇಕಡಾ ಲೆಕ್ಕ ನನಗೆ ಕಲಿಸಿಲ್ಲ ಸ್ವಾಮಿ. ನನಗೆ ಬರೋದು ಇನ್ನೂರರ ಮಗ್ಗಿ ಒಂದೇ.

ನಾನು: ಅಂತೂ ನೀವು ರಾಜ್ಯ ಸರ್ಕಾರದ ಆದಾಯ ತೆರಿಗೆ ಅನ್ನಿ.

(ಪಿ.ಟಿ. ಗಾಬರಿಯಿಂದ ಅತ್ತಿತ್ತ ನೋಡಿ ದನಿ ತಗ್ಗಿಸಿದರು.)

ಪಿ.ಟಿ.: ಮೆಲ್ಲಗೆ! ಆದಾಯದ ಮೇಲೆ ತೆರಿಗೆ ಹಾಕೋ ಹಕ್ಕು ದೆಹಲಿಯವರದು. ರಾಜ್ಯಕ್ಕೆ ಬಿಟ್ಟಿರೋದು ಕೃಷಿ ಆದಾಯ ಮಾತ್ರ. ನಾನು ಬರೋದು ರಾಜ್ಯಪಟ್ಟಿಯ 60ನೇ ನಮೂದಿನಿಂದ. ವೃತ್ತಿ, ವ್ಯಾಪಾರ, ಕಸುಬು, ಉದ್ಯೋಗದ ಮೇಲಿನ ತೆರಿಗೆ ನಾನು. ನೀವು ಸಂಪಾದಿಸಿದ್ದಕ್ಕೆ ಅಲ್ಲ, ಕೆಲಸ ಮಾಡಿದ್ದಕ್ಕೆ ಬರ್ತೀನಿ.

ನಾನು: ಆದರೂ ಸಂಬಳ ನೋಡಿಯೇ ಬರ್ತೀರಿ.

ಪಿ.ಟಿ.: ಅದಕ್ಕೂ ಮೊದಲೇ ವ್ಯವಸ್ಥೆ ಆಗಿದೆ. ಇದು ಆದಾಯಕ್ಕೆ ಸಂಬಂಧಪಟ್ಟ ತೆರಿಗೆ ಅನ್ನೋ ಒಂದೇ ಕಾರಣಕ್ಕೆ ಅಸಿಂಧು ಆಗಲ್ಲ ಅಂತ ಸಂವಿಧಾನದ 276ನೇ ವಿಧಿಯಲ್ಲೇ ಇದೆ. ನಿರೀಕ್ಷಣಾ ಜಾಮೀನು ಕೈಯಲ್ಲಿ ಹಿಡಿದೇ ಹುಟ್ಟಿದವನು ನಾನು.

(ಇಷ್ಟು ಹೇಳುವಾಗ ಅವರ ಎದೆ ಕಾಲಂಗುಲ ಉಬ್ಬಿದ್ದನ್ನು ದಾಖಲಿಸಬೇಕು. ಸಂಬಳ ಚೀಟಿಯಲ್ಲಿ ಇಷ್ಟು ಕುಲೀನರು ಬೇರೆ ಯಾರೂ ಇಲ್ಲ.)

ನಾನು: ನಿಮ್ಮ ಜಾತಕ ಸ್ವಲ್ಪ ಹೇಳಿ.

ಪಿ.ಟಿ.: ಸಂವಿಧಾನ ಬಂದಾಗ ನನಗೆ ಹಾಕಿದ್ದ ಲಗಾಮು ಒಬ್ಬರಿಗೆ ವರ್ಷಕ್ಕೆ 250 ರೂಪಾಯಿ. 1988ರಲ್ಲಿ 60ನೇ ತಿದ್ದುಪಡಿ ತಂದು ಅದನ್ನ 2,500 ಮಾಡಿದರು. ಆಮೇಲೆ ಒಂದು ರೂಪಾಯಿಯೂ ಕದಲಿಲ್ಲ. ಕರ್ನಾಟಕದ ಕಾಯಿದೆ 1976ರದು. ತುರ್ತುಪರಿಸ್ಥಿತಿ, ದೇವರಾಜ ಅರಸು ಮುಖ್ಯಮಂತ್ರಿ ಆಗಿದ್ದ ಕಾಲ. ಅಂಥ ಹೊತ್ತಲ್ಲಿ ಹುಟ್ಟಿದ್ದಕ್ಕೋ ಏನೋ, ಯಾರೂ ನನ್ನನ್ನ ಜೋರಾಗಿ ಪ್ರಶ್ನೆ ಮಾಡಿದ್ದು ನೆನಪಿಲ್ಲ.

ನಾನು: ಹಾಗಾದರೆ ಈ 2,500ರ ಲಗಾಮಿನಿಂದ ಬಚಾವಾಗಿರೋದು ಎರಡೂವರೆ ಲಕ್ಷದ ಸಾಹೇಬರು.

ಪಿ.ಟಿ.: ನಾನು ಲಗಾಮಿನ ಕುದುರೆ. ಸವಾರ ಯಾರು ಅಂತ ನನಗೆ ಕಾಣಲ್ಲ.

ನಾನು: ಫೆಬ್ರವರಿಯಲ್ಲಿ 300 ಯಾಕೆ?

ಪಿ.ಟಿ.: ಇನ್ನೂರು ಹನ್ನೆರಡಲೆ 2,400. ಲಗಾಮಿಗೆ ಇನ್ನೂ ನೂರು ರೂಪಾಯಿ ಸಡಿಲ ಇತ್ತು. ವರ್ಷಾನುಗಟ್ಟಲೆ ಅದನ್ನ ಯಾರೂ ಗಮನಿಸಲಿಲ್ಲ ಅಂದ್ಕೊಂಡಿದ್ದೆ. 2025ರ ಏಪ್ರಿಲಿನಿಂದ ಜಾರಿ ಆಗೋ ಹಾಗೆ ತಿದ್ದುಪಡಿ ತಂದರು. ಉಪ್ಪಿನಕಾಯಿ ಭರಣಿ ತಳಕ್ಕೆ ಬೆರಳು ಹಾಕಿ ಬಳಿದ ಹಾಗೆ ಆ ನೂರನ್ನೂ ಬಳಿದುಕೊಂಡರು.

ನಾನು: ಅದೂ ಇಪ್ಪತ್ತೆಂಟೇ ದಿನದ ತಿಂಗಳಲ್ಲಿ. ದಿನಗೂಲಿ ಲೆಕ್ಕದವನಿಗೆ ಸಂಬಳ ಕಡಿಮೆ ಬರೋ ತಿಂಗಳಲ್ಲೇ ನೀವು ದಪ್ಪ ಆಗ್ತೀರಿ.

(ಪಿ.ಟಿ. ಟೀ ಆರಿಸುವುದರಲ್ಲಿ ಮಗ್ನರಾದರು.)

ನಾನು: ದೆಹಲಿಯವರು ಹೊಸ ಪದ್ಧತಿಯಲ್ಲಿ ವರ್ಷಕ್ಕೆ 12 ಲಕ್ಷದವರೆಗೆ ಆದಾಯ ತೆರಿಗೆ ಬೇಡ ಅಂದಿದ್ದಾರೆ. ತಿಂಗಳಿಗೆ 30,000 ತಗೊಳ್ಳೋ ದಾಸರಹಳ್ಳಿಯ ಫಿಟ್ಟರ್ ದೆಹಲಿಗೆ ಕಟ್ಟೋದು ಸೊನ್ನೆ. ವಿಧಾನಸೌಧಕ್ಕೆ 2,500.

ಪಿ.ಟಿ.: ದೊಡ್ಡಣ್ಣ ಊಟ ಬಿಟ್ಟ ಅಂತ ಚಿಕ್ಕವನೂ ಉಪವಾಸ ಇರೋಕಾಗುತ್ತಾ? ಇನ್ನೊಂದು ಸಂಕಟ ಇದೆ. ಹಳೇ ಪದ್ಧತಿಯಲ್ಲಿ ಆದಾಯ ತೆರಿಗೆ ಲೆಕ್ಕ ಹಾಕುವಾಗ ನನ್ನನ್ನ ಕಳೆಯೋರು. ಹೊಸದರಲ್ಲಿ ನನಗೆ ಆ ಮರ್ಯಾದೆಯೂ ಇಲ್ಲ.

ನಾನು: ಸರಿ, ಆ 200 ಹೋಗೋದೆಲ್ಲಿಗೆ? ಇಲ್ಲಿ ಮಳೆ ಬಂದರೆ ಚರಂಡಿ ಯಾವುದು, ಕ್ರಾಸ್ ಯಾವುದು ಅಂತ ಗೊತ್ತಾಗಲ್ಲ.

ಪಿ.ಟಿ.: ಚರಂಡಿ ಸುದ್ದಿ ನನ್ನ ಹತ್ತಿರ ಬೇಡ. ಹೊಸೂರಿನಲ್ಲಿ ನನ್ನ ತಮ್ಮ ಇದ್ದಾನೆ, ಅವನನ್ನ ಎತ್ತೋದು ನಗರಪಾಲಿಕೆ. ಕಾಸರಗೋಡಿನಲ್ಲಿ ಇನ್ನೊಬ್ಬ, ಅವನು ಪಂಚಾಯ್ತಿ, ನಗರಸಭೆಗೆ ಸೇರಿದವನು, ಆರು ತಿಂಗಳಿಗೊಮ್ಮೆ ಬರ್ತಾನೆ. ಅವರನ್ನಾದರೆ ‘ನಮ್ಮ ಬೀದಿಗೆ ಏನು ಮಾಡಿದೆ’ ಅಂತ ಕೊರಳಪಟ್ಟಿ ಹಿಡಿಯಬಹುದು. ಕರ್ನಾಟಕದಲ್ಲಿ ನಾನು ವಾಣಿಜ್ಯ ತೆರಿಗೆ ಇಲಾಖೆಯವನು. ಕಂಪನಿಯವರು ಮುರಕೊಂಡು 20ನೇ ತಾರೀಖಿನೊಳಗೆ ಅಲ್ಲಿಗೆ ಕಟ್ತಾರೆ. ಅಲ್ಲಿಂದ ಖಜಾನೆ. ಖಜಾನೆಯೊಳಗೆ ದಾಸರಹಳ್ಳಿಯ ಇನ್ನೂರು ಯಾವುದು, ಧಾರವಾಡದ ಇನ್ನೂರು ಯಾವುದು?

ನಾನು: ಗೋಪಾಳಕ್ಕೆ ಬರೋ ದಾಸಯ್ಯನಾದರೂ ಶಂಖ ಊದಿ, ಜಾಗಟೆ ಬಾರಿಸಿ, ಮನೆಯವರಿಗೆ ಒಳ್ಳೇದಾಗಲಿ ಅಂತ ಹೇಳಿ ಹೋಗ್ತಾನೆ.

ಪಿ.ಟಿ.: ನಾನು ಸದ್ದು ಮಾಡದೆ ಬಂದು ಹೋಗ್ತೀನಲ್ಲ, ಅದಕ್ಕೇ ಇಷ್ಟು ವರ್ಷ ಬಾಳಿದ್ದು. ಕೈಗೆ ಬಂದಿದ್ದನ್ನ ಕೊಡಬೇಕಾದರೆ ಜನ ಅಳ್ತಾರೆ. ಕೈಗೇ ಬಾರದ್ದಕ್ಕೆ ಯಾರು ಅಳ್ತಾರೆ?

ಇಲ್ಲಿ ಒಂದು ಮಾತು ಅವರ ಪರವಾಗಿಯೂ ಹೇಳಬೇಕು. 2023ರ ಮಾರ್ಚ್‌ವರೆಗೆ 15,000 ಮುಟ್ಟಿದವರನ್ನೆಲ್ಲ ಇವರು ಹಿಡಿಯುತ್ತಿದ್ದರು. ಆ ವರ್ಷದ ಬೊಮ್ಮಾಯಿ ಬಜೆಟ್ಟು ಹೊಸ್ತಿಲನ್ನು 25,000ಕ್ಕೆ ಏರಿಸಿತು. ಹೊಲಿಗೆ ಯಂತ್ರದ ಮುಂದೆ ಎಂಟು ಗಂಟೆ ಕೂರುವ ಎಷ್ಟೋ ಗಾರ್ಮೆಂಟ್ಸ್ ಹೆಣ್ಣುಮಕ್ಕಳ ಚೀಟಿಯಿಂದ ಪಿ.ಟಿ. ಅಂದು ಇಳಿದುಹೋದರು. ಆದರೆ ಹೊಸ್ತಿಲು ಅಂದಮೇಲೆ ಎಡವುವವರೂ ಇರುತ್ತಾರೆ.

ನಾನು: ಪಕ್ಕದ ಸಾಲಿನ ಇಎಸ್‌ಐ ಜೊತೆ ನಿಮ್ಮ ಸಂಬಂಧ ಹೇಗೆ?

ಪಿ.ಟಿ.: ನಾವು ಹೊಸದಾಗಿ ಒಂದೇ ಚೀಟಿಗೆ ಬರೋದು ಅಪರೂಪ. ಸಂಬಳ 21,000 ದಾಟಿದರೆ ಅವನು ಇವತ್ತಲ್ಲ ನಾಳೆ ಗಂಟುಮೂಟೆ ಕಟ್ತಾನೆ, ಆಸ್ಪತ್ರೆ ಬಾಗಿಲು ಮುಚ್ಚುತ್ತೆ. 25,000 ಮುಟ್ಟಿದರೆ ನನ್ನ ಬಾಗಿಲು ತೆರೆಯುತ್ತೆ. ಅವನು ಇದ್ದಾಗ ಮುರಕೊಂಡಿದ್ದಕ್ಕೆ ಔಷಧಿ ಆದರೂ ಕೊಡ್ತಿದ್ದ. ನನ್ನ ಹತ್ತಿರ ಕೊಡೋಕೆ ಏನೂ ಇಲ್ಲ.

ಅಷ್ಟು ಹೊತ್ತು ಸುಮ್ಮನೆ ಕೇಳುತ್ತಿದ್ದ ಹುಡುಗ ಜೇಬಿನ ಲೆಟರ್ ತೆಗೆದು ಟೇಬಲ್ಲಿನ ಮೇಲೆ ಬಿಡಿಸಿದ. 24,700 ಇದ್ದ ಸಂಬಳ 25,050 ಆಗಿದೆ. ವರ್ಷವಿಡೀ ಕಾದು, ಎರಡು ಸಲ ಓನರ್ ಮುಂದೆ ನಿಂತು ಕೇಳಿ ಪಡೆದ ಮುನ್ನೂರೈವತ್ತು.

ಪಿ.ಟಿ. ಕನ್ನಡಕ ಏರಿಸಿ ಓದಿದರು. ‘ಮೊದಲ ಸಲವಾ? ಬಾಪ್ಪಾ, ಪರಿಚಯ ಮಾಡ್ಕೊ’ ಎಂದು ಕೈ ಚಾಚಿದರು.

‘ಅಂದ್ರೆ ನನಗೆ ಉಳಿಯೋದು ನೂರೈವತ್ತಾ ಸಾರ್?’

‘ಹೂಂ. ಬೇಜಾರು ಮಾಡ್ಕೋಬೇಡ. ನಿಮ್ಮ ಓನರೂ ನನಗೆ ವರ್ಷಕ್ಕೆ 2,500 ಕಟ್ತಾರೆ. ಶೆಡ್ಡಿನ ಯಜಮಾನ, ಶೆಡ್ಡಿನ ಆಪರೇಟರ್, ಇಬ್ಬರೂ ನನ್ನ ಲೆಕ್ಕದಲ್ಲಿ ಸರಿಸಮ.’

ಹುಡುಗ ಮೊಬೈಲಿನ ಕ್ಯಾಲ್ಕ್ಯುಲೇಟರ್ ತೆರೆದು ಏನೋ ಒತ್ತಿದ. ಅಳಿಸಿದ. ಮತ್ತೆ ಒತ್ತಿದ. ‘ಓನರ್‌ಗೆ ಹೇಳಿ ಇನ್‌ಕ್ರಿಮೆಂಟಲ್ಲಿ ಐವತ್ತೊಂದು ರೂಪಾಯಿ ಕಡಿಮೆ ಮಾಡಿಸ್ಕೊಂಡ್ರೆ? 24,999ಕ್ಕೆ ನಿಲ್ಲುತ್ತೆ. ತಿಂಗಳಿಗೆ ನೂರ ನಲವತ್ತೊಂಬತ್ತು ನನಗೇ ಲಾಭ.’

ಪಿ.ಟಿ. ನನ್ನ ಮುಖ ನೋಡಿದರು, ಹುಡುಗನ ಮುಖ ನೋಡಿದರು. ಲೋಟದ ತಳದ ಟೀ ಮುಗಿಸಿ ಚೀಟಿಯ ಬಲಗಡೆ ಕಾಲಮ್ಮಿಗೆ ಹತ್ತುತ್ತ ಹೇಳಿದರು:

‘ಮಾಡಿಸ್ಕೊ. ಆದರೆ ಫೆಬ್ರವರಿ ಬರೋದರೊಳಗೆ ಮಾಡಿಸ್ಕೊ.’